ಲಾರಿ ಎಂಜಿನ್‌ನಲ್ಲಿ ‘ಟಿಕ್ ಟಿಕ್’ ಸದ್ದು: ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆಯೇ?

“ಹಳೆಯ ಲಾರಿ ಎಂಜಿನ್‌ನಲ್ಲಿ ಟಿಕ್ ಟಿಕ್ ಸದ್ದು ಬರುತ್ತಿದೆಯೇ? ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಬಿದ್ದಿದೆಯೇ? ಗ್ಯಾರೇಜಿಗೆ ಹೋಗಿ ಸಾವಿರಾರು ರೂಪಾಯಿ ಕಳೆಯಬೇಡಿ. ದಪ್ಪ ಆಯಿಲ್ ಹಾಕಿ, ಜೊತೆಗೆ ಒಂದು ಬಾಟಲಿ ಆಯಿಲ್ ಟ್ರೀಟ್‌ಮೆಂಟ್ ಸುರಿಯಿರಿ. ಸದ್ದು ಮಾಯ! ಎಲ್ಲ ಡ್ರೈವರ್ ಅಣ್ಣಂದಿರಿಗೂ ಶೇರ್ ಮಾಡಿ.”

ಇಂತಹ ಅರ್ಥದ ಸಂದೇಶಗಳು ಡ್ರೈವರ್‌ಗಳ ಗ್ರೂಪ್‌ಗಳಲ್ಲಿ ವಿಡಿಯೊ ಸಮೇತ ಓಡಾಡುತ್ತಿರುತ್ತವೆ. ನಮಗೆ ಇದು ಬಂದದ್ದು ಮನೆಯವರ ಗ್ರೂಪ್‌ನಿಂದಲೇ. ನಮ್ಮ ತಂಡದ ಒಬ್ಬರ ಸೋದರಮಾವ ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ, ತರಕಾರಿ ಸಾಗಿಸುತ್ತಾರೆ. ಗಾಡಿ ಹಳೆಯ 407. ಕೆಲವು ದಿನಗಳಿಂದ ಎಂಜಿನ್‌ನಲ್ಲಿ ಸದ್ದು, ಐಡ್ಲಿಂಗ್‌ನಲ್ಲಿ ನಿಂತಾಗ ಪ್ರೆಶರ್ ಮುಳ್ಳು ತೀರಾ ಕೆಳಕ್ಕೆ. “ನೀನು ಇಂಥದ್ದನ್ನೇ ಬರೀತೀಯಲ್ಲಮ್ಮ, ಇದು ನಿಜಾನಾ ನೋಡಿ ಹೇಳು. ಆಯಿಲ್ ತಂದಿಟ್ಟಿದ್ದೀನಿ” ಎಂದು ಅವರು ಕೇಳಿದ್ದರು.

ಅವರಿಗೆ ಇದು ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಎಂಜಿನ್ ಸೀಜ್ ಆದರೆ ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಬಾಡಿಗೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಸಣ್ಣ ಸದ್ದಿಗೆ ಹೆದರಿ ಎಂಜಿನ್ ಬಿಚ್ಚಿಸಿದರೂ ಅಷ್ಟೇ ನಷ್ಟ. ಹಾಗಾಗಿ ಈ ಸಂದೇಶವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

ಸಂದೇಶದ ಸಲಹೆ ಹೆಚ್ಚಿನ ಹಳೆಯ ಡೀಸೆಲ್ ಲಾರಿಗಳಿಗೆ ಹೊಂದುವುದಿಲ್ಲ. ದಪ್ಪ ಆಯಿಲ್ ಹಾಕಿದಾಗ ಸದ್ದು ಕಡಿಮೆಯಾಗಬಹುದು, ಮುಳ್ಳು ಮೇಲೇರಬಹುದು. ಆದರೆ ಸದ್ದಿಗೆ ಕಾರಣವಾದ ತೊಂದರೆ ಹಾಗೇ ಉಳಿದಿರುತ್ತದೆ. ಸದ್ದು ಬೇರೆ, ಪ್ರೆಶರ್ ಬೇರೆ. ಎರಡಕ್ಕೂ ಒಂದೇ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಯಾವುದು ಎಂದು ತಿಳಿಯಲು ಇರುವ ದಾರಿ ಒಂದೇ: ಆಯಿಲ್ ಬದಲಿಸುವ ಮೊದಲು ಪ್ರೆಶರ್ ಅನ್ನು ಬೇರೆ ಗೇಜ್ ಹಾಕಿ ಅಳೆಯುವುದು.

ಈ ಸಲಹೆ ಎಲ್ಲಿಂದ ಬಂತು?

ಇಂಟರ್‌ನೆಟ್‌ನಲ್ಲಿ ‘ಹಳೆಯ ಟ್ರಕ್, ಟಿಕ್ ಸದ್ದು’ ಎಂದು ಹುಡುಕಿದರೆ ಸಿಗುವ ಬಹಳಷ್ಟು ವಿಡಿಯೊಗಳು ಅಮೆರಿಕದವು. ಅಲ್ಲಿ ‘ಟ್ರಕ್’ ಎಂದರೆ ಹೆಚ್ಚಾಗಿ ಪಿಕಪ್ ಗಾಡಿ. ಅವುಗಳಲ್ಲಿ ಅನೇಕವು ದೊಡ್ಡ ಪೆಟ್ರೋಲ್ ಎಂಜಿನ್‌ನವು. ಅಂತಹ ಎಂಜಿನ್‌ಗಳಲ್ಲಿ ‘ಹೈಡ್ರಾಲಿಕ್ ಲಿಫ್ಟರ್’ ಎಂಬ ಪುಟ್ಟ ಭಾಗವಿರುತ್ತದೆ. ಅದರೊಳಗೆ ಎಂಜಿನ್ ಆಯಿಲ್ ತುಂಬಿಕೊಂಡು, ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದನ್ನು ತಾನೇ ಮುಚ್ಚುತ್ತದೆ. ಆಯಿಲ್ ಸರಿಯಾಗಿ ಬಾರದಿದ್ದರೆ, ಅಥವಾ ಕೊಳೆ ಕಟ್ಟಿ ಲಿಫ್ಟರ್ ಸಿಕ್ಕಿಕೊಂಡರೆ ‘ಟಿಕ್ ಟಿಕ್’ ಶುರುವಾಗುತ್ತದೆ. ಅಲ್ಲಿ ಆಯಿಲ್ ಬದಲಿಸಿದಾಗ ಕೆಲವೊಮ್ಮೆ ಸದ್ದು ನಿಲ್ಲುವುದು ನಿಜ.

ನಮ್ಮಲ್ಲಿ 1986ರಲ್ಲಿ ಬಂದ ಟಾಟಾ 407ರಂತಹ ಗಾಡಿಗಳ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಈ ವ್ಯವಸ್ಥೆಯೇ ಇಲ್ಲ. ಅಲ್ಲಿ ವಾಲ್ವ್ ಮೇಲಿನ ಸಂದನ್ನು ಮೆಕ್ಯಾನಿಕ್ ಫೀಲರ್ ಗೇಜ್ ಇಟ್ಟು, ಸ್ಕ್ರೂ ತಿರುಗಿಸಿ, ಲಾಕ್ ನಟ್ ಬಿಗಿದು ಹೊಂದಿಸುತ್ತಾರೆ. ಗ್ಯಾರೇಜ್ ಭಾಷೆಯಲ್ಲಿ ಇದೇ ‘ಟ್ಯಾಪೆಟ್ ಸೆಟ್ಟಿಂಗ್’. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಈ ಸಂದು ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ. ಒಳಗೆ ಇರುತ್ತದೆ. ನಿಮ್ಮ ಎಂಜಿನ್‌ಗೆ ಎಷ್ಟು ಎಂಬುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಓಡುತ್ತಾ ಓಡುತ್ತಾ ಭಾಗಗಳು ಸವೆದು ಅಥವಾ ನಟ್ ಸಡಿಲವಾಗಿ ಸಂದು ಹೆಚ್ಚಾದರೆ ಲೋಹಕ್ಕೆ ಲೋಹ ಬಡಿದು ಟಿಕ್ ಎನ್ನುತ್ತದೆ. ಅದನ್ನು ಯಾವ ಆಯಿಲ್ ಕೂಡ ತುಂಬಲಾರದು. ಸ್ಪ್ಯಾನರ್‌ನಿಂದ ಆಗಬೇಕಾದ ಕೆಲಸ ಬಾಟಲಿಯಿಂದ ಆಗುವುದಿಲ್ಲ.

ಆಯಿಲ್ ಪ್ರೆಶರ್ ಎಂದರೆ ಏನು?

ಎಂಜಿನ್ ಕೆಳಗಿನ ಚೇಂಬರ್‌ನಲ್ಲಿ ಆಯಿಲ್ ಇರುತ್ತದೆ. ಆಯಿಲ್ ಪಂಪ್ ಅದನ್ನು ಜಾಲರಿಯ ಮೂಲಕ ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕ್ ಬೇರಿಂಗ್‌ಗಳಿಗೆ, ಕ್ಯಾಮ್‌ಗೆ, ಮೇಲಿನ ರಾಕರ್‌ಗಳಿಗೆ ಕಳಿಸುತ್ತದೆ. ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಇರುವ ಜಾಗ ತೀರಾ ಚಿಕ್ಕದು, ಹೆಚ್ಚುಕಡಿಮೆ ತಲೆಗೂದಲಿನ ದಪ್ಪದಷ್ಟು. ಆ ಜಾಗದಲ್ಲಿ ಆಯಿಲ್‌ನ ತೆಳು ಪದರ ಇರುವುದರಿಂದಲೇ ಲೋಹಕ್ಕೆ ಲೋಹ ತಾಗುವುದಿಲ್ಲ.

ಇಲ್ಲೊಂದು ವಿಷಯವನ್ನು ಗಮನಿಸಿ. ಪಂಪ್ ಮಾಡುವುದು ಆಯಿಲ್‌ನ ಹರಿವನ್ನು. ಆ ಹರಿವಿಗೆ ಕಿರಿದಾದ ಜಾಗಗಳು ಒಡ್ಡುವ ತಡೆಯಿಂದ ಪ್ರೆಶರ್ ಹುಟ್ಟುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುತ್ತದಲ್ಲ, ಹಾಗೆ. ಬೆರಳು ಸಡಿಲಿಸಿದರೆ ಪ್ರೆಶರ್ ಇಳಿಯುತ್ತದೆ. ಬೇರಿಂಗ್ ಸವೆದಾಗ ಆಗುವುದೂ ಇದೇ. ಜಾಗ ಅಗಲವಾಗಿ ಆಯಿಲ್ ಸುಲಭವಾಗಿ ಸೋರಿಹೋಗುತ್ತದೆ, ಮುಳ್ಳು ಇಳಿಯುತ್ತದೆ.

ಎಷ್ಟು ಪ್ರೆಶರ್ ಇರಬೇಕು? ಪ್ರತಿ ಎಂಜಿನ್‌ಗೂ ಕಂಪನಿ ಕೊಟ್ಟ ಲೆಕ್ಕ ಬೇರೆ. ಮೆಕ್ಯಾನಿಕ್‌ಗಳು ಬಳಸುವ ಸ್ಥೂಲ ಲೆಕ್ಕವೊಂದಿದೆ: ಎಂಜಿನ್ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಅಂದರೆ 2000 ಆರ್‌ಪಿಎಂನಲ್ಲಿ ಕನಿಷ್ಠ 20 ಪಿಎಸ್‌ಐ. ನಮ್ಮ ಲಾರಿಗಳ ಗೇಜ್‌ನಲ್ಲಿ ಪಿಎಸ್‌ಐ ಬದಲು ಬಾರ್ ಅಥವಾ ಕೆಜಿ ಲೆಕ್ಕ ಇರಬಹುದು. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, 1 ಕೆಜಿಗೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕ ಅಂದಾಜಿಗೆ ಮಾತ್ರ. ಕೊನೆಯ ಮಾತು ಕಂಪನಿ ಪುಸ್ತಕದ್ದು.

ಇನ್ನೊಂದು ಮುಖ್ಯ ವಿಷಯ ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ದೀಪದ್ದು. ಅನೇಕ ಗಾಡಿಗಳಲ್ಲಿ ಪ್ರೆಶರ್ ಸುಮಾರು 0.3ರಿಂದ 0.7 ಬಾರ್‌ಗೆ ಇಳಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಅಂದರೆ ದೀಪ ಹೊತ್ತಿಲ್ಲ ಎಂಬ ಮಾತ್ರಕ್ಕೆ ಪ್ರೆಶರ್ ಚೆನ್ನಾಗಿದೆ ಎಂದಲ್ಲ. ಓಡುವಾಗ ದೀಪ ಹೊತ್ತಿತೆಂದರೆ ಆಗಲೇ ತಡವಾಗಿರಬಹುದು.

ದಪ್ಪ ಆಯಿಲ್ ಹಾಕಿದಾಗ ಏನಾಗುತ್ತದೆ?

ಆಯಿಲ್ ಡಬ್ಬಿಯ ಮೇಲೆ 15ಡಬ್ಲ್ಯೂ-40, 20ಡಬ್ಲ್ಯೂ-50 ಎಂದು ಬರೆದಿರುತ್ತದೆ. ಡಬ್ಲ್ಯೂ ಜೊತೆಗಿನ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ಅಂಕಿ ಹೆಚ್ಚಾದಷ್ಟೂ ದಪ್ಪ.

ದಪ್ಪ ಆಯಿಲ್ ಕಿರಿದಾದ ಜಾಗದಲ್ಲಿ ನಿಧಾನವಾಗಿ ಹರಿಯುತ್ತದೆ. ತಡೆ ಹೆಚ್ಚುವುದರಿಂದ ಮುಳ್ಳು ಮೇಲೇರುತ್ತದೆ. ನೋಡಿದವರಿಗೆ ‘ಪ್ರೆಶರ್ ಬಂತು’ ಎನಿಸುತ್ತದೆ. ಆದರೆ ಬೇರಿಂಗ್‌ಗೆ ತಲುಪುವ ಆಯಿಲ್‌ನ ಪ್ರಮಾಣ ಹೆಚ್ಚಾಗಿರುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮೇಲಿನ ರಾಕರ್‌ಗಳಿಗೆ ಆಯಿಲ್ ತಲುಪುವುದು ಇನ್ನೂ ತಡವಾಗುತ್ತದೆ. ಪ್ರೆಶರ್ ಮಿತಿ ದಾಟಿದರೆ ರಿಲೀಫ್ ವಾಲ್ವ್ ತೆರೆದು, ಒಂದಿಷ್ಟು ಆಯಿಲ್ ಮತ್ತೆ ಚೇಂಬರ್‌ಗೇ ಹೋಗುತ್ತದೆ.

ಹಾಗಾದರೆ ದಪ್ಪ ಆಯಿಲ್ ಯಾವಾಗಲೂ ತಪ್ಪೇ? ಹಾಗೇನಿಲ್ಲ. ಬಹಳ ಓಡಿದ ಎಂಜಿನ್‌ಗೆ, ಕಂಪನಿ ಪುಸ್ತಕದಲ್ಲಿ ಒಪ್ಪಿಗೆ ಇದ್ದರೆ, ಒಂದು ಗ್ರೇಡ್ ಮೇಲಿನ ಆಯಿಲ್ ಅನ್ನು ಅನುಭವಿ ಮೆಕ್ಯಾನಿಕ್ ಸೂಚಿಸಬಹುದು. ಅದು ಎಂಜಿನ್ ಕೆಲಸವನ್ನು ಸ್ವಲ್ಪ ದಿನ ಮುಂದೂಡುವ ಉಪಾಯ. ಪ್ರೆಶರ್ ಅಳೆದು, ತೊಂದರೆ ಯಾವುದೆಂದು ತಿಳಿದು ಮಾಡಿದರೆ ಅದೊಂದು ಲೆಕ್ಕಾಚಾರ. ಏನೂ ತಿಳಿಯದೆ ಸುರಿದರೆ ಜ್ವರದ ಕಾರಣ ನೋಡದೆ ಮಾತ್ರೆ ನುಂಗಿದ ಹಾಗೆ. ಮೈ ತಣ್ಣಗಾಗುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ.

ಟಿಕ್ ಸದ್ದು ಎಲ್ಲೆಲ್ಲಿಂದ ಬರಬಹುದು?

ಡೀಸೆಲ್ ಎಂಜಿನ್ ಎಂದರೆ ಸದ್ದು ಇದ್ದೇ ಇರುತ್ತದೆ. ಡೀಸೆಲ್ ಒಳಗೆ ಸಿಡಿದು ಉರಿಯುವುದರಿಂದ ಬರುವ ಕಟಕಟ ಸದ್ದು ಸಹಜ. ಹೊಸದಾಗಿ ಶುರುವಾದ ಅಥವಾ ಬದಲಾದ ಸದ್ದು ಕೇಳಿದಾಗ ಗಮನ ಕೊಡಬೇಕು. ಮುಖ್ಯ ಕಾರಣಗಳು ಇವು:

1. ಟ್ಯಾಪೆಟ್ ಸಡಿಲ: ಎಂಜಿನ್ ಮೇಲ್ಭಾಗದಿಂದ, ಹೊಲಿಗೆ ಯಂತ್ರದಂತೆ ಒಂದೇ ತಾಳದಲ್ಲಿ ಬರುವ ತೆಳು ಸದ್ದು. ಆಕ್ಸಿಲರೇಟರ್ ಕೊಟ್ಟಂತೆ ವೇಗ ಹೆಚ್ಚುತ್ತದೆ. ಲೋಡ್ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ. ಸಂದು ಸರಿಮಾಡಿದ ಮೇಲೂ ಸದ್ದು ಇದ್ದರೆ ರಾಕರ್, ಪುಶ್ ರಾಡ್ ಅಥವಾ ಕ್ಯಾಮ್ ಸವೆದಿರಬಹುದು.

2. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿರುವುದು: ಟ್ಯಾಪೆಟ್ ಸದ್ದು ಎಂದು ಬಹಳ ಮಂದಿ ತಪ್ಪು ತಿಳಿಯುವುದು ಇದನ್ನೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರು, ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಕಡಿಮೆ. ಲೋಡ್ ಬಿದ್ದಾಗ ಹೆಚ್ಚು. ಜೋಡಣೆಯ ಬಳಿ ಕಪ್ಪು ಮಸಿಯ ಗೆರೆ ಕಾಣುತ್ತದೆ.

3. ಇಂಜೆಕ್ಟರ್: ನೋಝಲ್ ಕೆಟ್ಟಿದ್ದರೆ ಒಂದು ಸಿಲಿಂಡರ್‌ನಿಂದ ಮಾತ್ರ ಬಿರುಸಾದ ಬಡಿತ ಬರುತ್ತದೆ. ಹೊಗೆಯೂ ಹೆಚ್ಚಿರಬಹುದು. ಇಂಜೆಕ್ಟರ್ ಕೆಳಗಿನ ವಾಷರ್ ಸೋರಿದರೆ ‘ಚುಫ್ ಚುಫ್’ ಎಂಬ ಸದ್ದು.

4. ಎಂಜಿನ್ ಜೊತೆಗೆ ತಿರುಗುವ ಇತರ ಭಾಗಗಳು: ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟ್, ಏರ್ ಬ್ರೇಕ್ ಇರುವ ಲಾರಿಗಳಲ್ಲಿ ಏರ್ ಕಂಪ್ರೆಸರ್. ಇವು ಸದ್ದು ಮಾಡಿದರೂ ಎಂಜಿನ್ನೇ ಹೋಯಿತು ಎಂದು ಹೆದರುವವರಿದ್ದಾರೆ.

5. ಕನೆಕ್ಟಿಂಗ್ ರಾಡ್ ಅಥವಾ ಮೇನ್ ಬೇರಿಂಗ್: ಇದು ಟಿಕ್ ಅಲ್ಲ, ‘ಟಕ್ ಟಕ್’ ಅಥವಾ ‘ಡಬ್ ಡಬ್’. ಕೆಳಗಿನಿಂದ, ಭಾರವಾಗಿ, ಸುತ್ತಿಗೆಯಿಂದ ಬಡಿದಂತೆ ಬರುತ್ತದೆ. ಲೋಡ್ ಬಿದ್ದಾಗ ಜೋರಾಗುತ್ತದೆ. ಇದರ ಜೊತೆ ಪ್ರೆಶರ್ ಕಡಿಮೆ ಇದ್ದರೆ ಗಾಡಿ ಓಡಿಸಲೇಬಾರದು.

ಮೇಲಿನ ಸದ್ದಿಗೂ ಕೆಳಗಿನ ಸದ್ದಿಗೂ ವೇಗದಲ್ಲೂ ವ್ಯತ್ಯಾಸವಿದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಐಡ್ಲಿಂಗ್ 700 ಆರ್‌ಪಿಎಂ ಇದ್ದರೆ ಒಂದು ಟ್ಯಾಪೆಟ್ ನಿಮಿಷಕ್ಕೆ 350 ಬಾರಿ, ಅಂದರೆ ಸೆಕೆಂಡಿಗೆ ಸುಮಾರು 6 ಬಾರಿ ಟಿಕ್ ಎನ್ನುತ್ತದೆ. ಬೇರಿಂಗ್ ಬಡಿತ ಸಾಮಾನ್ಯವಾಗಿ ಅದರ ಎರಡರಷ್ಟು ವೇಗದಲ್ಲಿರುತ್ತದೆ. ಕಿವಿಯಿಂದ ಎಣಿಸುವುದು ಕಷ್ಟ. ಆದರೆ ಅನುಭವಿ ಮೆಕ್ಯಾನಿಕ್ ನಿಧಾನದ ಟಿಕ್ ಕೇಳಿದ ಕೂಡಲೇ ಮೇಲ್ಭಾಗವನ್ನು ನೋಡುವುದು ಇದೇ ಕಾರಣಕ್ಕೆ.

ಸದ್ದಿನ ಜಾಗ ಹುಡುಕುವುದು ಹೇಗೆ?

ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನು ನೀವು ನೋಡಿರಬಹುದು. ಇದು ನಾಟಕವಲ್ಲ. ಗಟ್ಟಿ ಲೋಹದಲ್ಲಿ ಸದ್ದು ಚೆನ್ನಾಗಿ ಹರಿಯುತ್ತದೆ. ವಾಲ್ವ್ ಕವರ್, ಇಂಜೆಕ್ಟರ್, ಎಂಜಿನ್ ಬ್ಲಾಕ್, ಚೇಂಬರ್ ಹೀಗೆ ಒಂದೊಂದೇ ಜಾಗ ಮುಟ್ಟಿ ನೋಡಿದರೆ ಎಲ್ಲಿ ಜೋರು ಎಂಬುದು ತಿಳಿಯುತ್ತದೆ. ಎಕ್ಸಾಸ್ಟ್ ಸೋರಿಕೆಗೆ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಜೋಡಣೆಯ ಹತ್ತಿರ ಆಡಿಸಿದರೆ ಸಾಕು.

ಆದರೆ ಎಚ್ಚರ. ಎಂಜಿನ್ ಓಡುತ್ತಿರುವಾಗ ಫ್ಯಾನ್, ಬೆಲ್ಟ್ ಹತ್ತಿರ ಹೋಗಬೇಡಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಲುಂಗಿ ಉಟ್ಟು ಈ ಕೆಲಸ ಬೇಡ.

ಕೆಲವು ವಿಡಿಯೊಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡುವುದನ್ನು ತೋರಿಸುತ್ತಾರೆ. ಹಳೆಯ ಪಂಪ್ ಇರುವ ಎಂಜಿನ್‌ಗಳಲ್ಲಿ ಮೆಕ್ಯಾನಿಕ್‌ಗಳು ಮಾಡುವ ಪರೀಕ್ಷೆ ಇದು. ನೀವು ಮಾಡಬೇಡಿ. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಅಂಗಾಂಶ ಕೊಳೆಯುತ್ತಾ ಹೋಗಿ ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ 1000 ಬಾರ್‌ಗೂ ಹೆಚ್ಚು. ಅಲ್ಲಿ ಓಡುವ ಎಂಜಿನ್‌ನ ಪೈಪ್ ಸಡಿಲಿಸುವ ಮಾತೇ ಇಲ್ಲ.

ಪ್ರೆಶರ್ ಅಳೆಯುವ ಸರಿಯಾದ ಕ್ರಮ

ಗ್ಯಾರೇಜಿಗೆ ಹೋದಾಗ ಈ ಕ್ರಮದಲ್ಲಿ ನೋಡಲು ಕೇಳಿ. ಮೊದಲ ಎರಡನ್ನು ನೀವೇ ಮಾಡಬಹುದು.

ಮೊದಲು ಡಿಪ್‌ಸ್ಟಿಕ್. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತು, ಎಂಜಿನ್ ಆಫ್ ಆಗಿ ಹತ್ತು ನಿಮಿಷ ಕಳೆದ ಮೇಲೆ ನೋಡಿ. ಆಯಿಲ್ ಕಡಿಮೆ ಇದ್ದರೆ ತೊಂದರೆಗೆ ಅದೇ ಕಾರಣ ಇರಬಹುದು. ಎಲ್ಲಿ ಸೋರುತ್ತಿದೆ, ಎಲ್ಲಿ ಉರಿಯುತ್ತಿದೆ ನೋಡಬೇಕು. ಆಯಿಲ್ ಹಾಕದಿದ್ದರೂ ಮಟ್ಟ ಏರಿದ್ದರೆ ಇನ್ನೂ ಹುಷಾರಾಗಬೇಕು. ಡೀಸೆಲ್ ಅಥವಾ ರೇಡಿಯೇಟರ್ ನೀರು ಸೇರಿರಬಹುದು. ಡೀಸೆಲ್ ಸೇರಿದ್ದರೆ ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತದೆ. ನೀರು ಸೇರಿದ್ದರೆ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ.

ಎರಡನೆಯದು ನೆನಪಿನ ಪ್ರಶ್ನೆ. ಕೊನೆಯ ಬಾರಿ ಯಾವ ಗ್ರೇಡ್ ಆಯಿಲ್ ಹಾಕಿಸಿದ್ದು? ಫಿಲ್ಟರ್ ಬದಲಿಸಿದ್ದು ಯಾವಾಗ? ಫಿಲ್ಟರ್ ಕಟ್ಟಿಕೊಂಡರೆ ಅನೇಕ ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ ನೇರವಾಗಿ ಹೋಗುತ್ತದೆ. ಪ್ರೆಶರ್ ಸರಿ ಕಂಡರೂ ಬೇರಿಂಗ್‌ಗೆ ಹೋಗುವುದು ಕೊಳೆ.

ಮೂರನೆಯದು ನಿಜವಾದ ಅಳತೆ. ಎಂಜಿನ್‌ನಲ್ಲಿರುವ ಆಯಿಲ್ ಪ್ರೆಶರ್ ಸೆಂಡರ್ ಬಿಚ್ಚಿ, ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕುತ್ತಾರೆ. ಇದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ. ಗಾಡಿ ಓಡುವ ಬಿಸಿಗೆ ಬಂದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, ಸುಮಾರು 2000 ಆರ್‌ಪಿಎಂನಲ್ಲಿ ಒಮ್ಮೆ ನೋಡಬೇಕು. ತಣ್ಣಗಿರುವಾಗ ಆಯಿಲ್ ದಪ್ಪವಿರುವುದರಿಂದ ಸವೆದ ಎಂಜಿನ್‌ನಲ್ಲೂ ಪ್ರೆಶರ್ ಚೆನ್ನಾಗಿಯೇ ಕಾಣುತ್ತದೆ. ಬಿಸಿ ಐಡ್ಲಿಂಗ್‌ನ ಅಂಕಿಯನ್ನೇ ನಂಬಬೇಕು.

ಫಲಿತಾಂಶ ಓದುವುದು ಹೇಗೆ?

ಸದ್ದು ಇದೆ, ಪ್ರೆಶರ್ ಸರಿ ಇದೆ: ಟ್ಯಾಪೆಟ್, ಎಕ್ಸಾಸ್ಟ್ ಪ್ಯಾಕಿಂಗ್, ಇಂಜೆಕ್ಟರ್ ನೋಡಿಸಿ. ಸದ್ದು ತೆಳುವಾಗಿದ್ದರೆ ಗಾಬರಿ ಬೇಡ, ಆದರೆ ತಿಂಗಳುಗಟ್ಟಲೆ ಮುಂದೂಡಬೇಡಿ. ಭಾರವಾದ ಬಡಿತವಾಗಿದ್ದರೆ ಪ್ರೆಶರ್ ಸರಿ ಇದ್ದರೂ ಓಡಿಸಬೇಡಿ.

ಡ್ಯಾಶ್‌ಬೋರ್ಡ್ ಮುಳ್ಳು ಕೆಳಗಿದೆ, ಮೆಕ್ಯಾನಿಕಲ್ ಗೇಜ್ ಸರಿ ತೋರಿಸುತ್ತಿದೆ: ಸೆಂಡರ್, ವೈರ್ ಅಥವಾ ಮೀಟರ್ ಕೆಟ್ಟಿದೆ. ಎಂಜಿನ್ ಚೆನ್ನಾಗಿದೆ. ಹಾಗೆಂದು ಕೆಟ್ಟ ಮೀಟರ್ ಇಟ್ಟುಕೊಂಡೇ ಓಡಿಸಬೇಡಿ. ಮುಂದೆ ನಿಜವಾಗಿಯೂ ಪ್ರೆಶರ್ ಹೋದಾಗ ನಿಮಗೆ ತಿಳಿಯುವುದಿಲ್ಲ.

ಸದ್ದು ಇಲ್ಲ, ಮೆಕ್ಯಾನಿಕಲ್ ಗೇಜ್‌ನಲ್ಲೂ ಪ್ರೆಶರ್ ಕಡಿಮೆ: ಚೇಂಬರ್ ಬಿಚ್ಚಿ ಜಾಲರಿ ಕಟ್ಟಿಕೊಂಡಿದೆಯೇ, ಪಂಪ್ ಸವೆದಿದೆಯೇ, ರಿಲೀಫ್ ವಾಲ್ವ್ ಸಿಕ್ಕಿಕೊಂಡಿದೆಯೇ, ಬೇರಿಂಗ್ ಹೇಗಿದೆ ಎಂದು ನೋಡಬೇಕು. ಸದ್ದಿಲ್ಲ ಎಂದು ಓಡಿಸುವುದು ಅಪಾಯ.

ಭಾರವಾದ ಬಡಿತ, ಜೊತೆಗೆ ಪ್ರೆಶರ್ ಕಡಿಮೆ: ಇಲ್ಲಿಗೆ ಗಾಡಿ ನಿಲ್ಲಿಸಿ. ಈಗಲೇ ನಿಲ್ಲಿಸಿದರೆ ಬೇರಿಂಗ್ ಕೆಲಸದಲ್ಲಿ ಮುಗಿಯಬಹುದು. ಇನ್ನೊಂದು ಟ್ರಿಪ್ ಹೊಡೆದರೆ ಕ್ರ್ಯಾಂಕ್ ಹಾಳಾಗಬಹುದು, ರಾಡ್ ಮುರಿದು ಬ್ಲಾಕ್ ಒಡೆಯಲೂಬಹುದು. ಹಳೆಯ ಫಿಲ್ಟರ್ ಕತ್ತರಿಸಿ ನೋಡಿದಾಗ ಹೊಳೆಯುವ ಲೋಹದ ಚೂರು ಕಂಡರೆ ಅನುಮಾನ ಗಟ್ಟಿಯಾದಂತೆ.

ದಾರಿಯಲ್ಲಿ ಕೆಂಪು ದೀಪ ಹೊತ್ತಿದರೆ?

‘ಮನೆ ಹತ್ತಿರದಲ್ಲೇ ಇದೆ, ನಿಧಾನವಾಗಿ ಹೋದರೆ ಆಯಿತು’ ಎಂಬ ಯೋಚನೆಯೇ ಬಹಳ ಎಂಜಿನ್‌ಗಳನ್ನು ತಿಂದಿದೆ. ಆಯಿಲ್ ಇಲ್ಲದೆ ಬೇರಿಂಗ್ ಹಾಳಾಗಲು ಕೆಲವೇ ನಿಮಿಷ ಸಾಕು.

ಆದರೆ ನಿಲ್ಲಿಸುವುದಕ್ಕೂ ಕ್ರಮವಿದೆ. ಶಿರಾಡಿ, ಚಾರ್ಮಾಡಿಯಂತಹ ಘಾಟಿ ಇಳಿಯುತ್ತಿದ್ದರೆ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಬ್ರೇಕ್‌ಗೆ ಬೇಕಾದ ಗಾಳಿ ಅಥವಾ ವ್ಯಾಕ್ಯೂಮ್ ತುಂಬುವುದು ನಿಲ್ಲುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಗಟ್ಟಿಯಾಗುತ್ತದೆ. ಎಂಜಿನ್ ಹೋದರೆ ಮತ್ತೆ ಮಾಡಿಸಬಹುದು, ಜೀವ ಹೋದರೆ ಆಗದು. ಮೊದಲು ಸುರಕ್ಷಿತವಾಗಿ ಪಕ್ಕಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಆಮೇಲೆ ಎಂಜಿನ್ ಆಫ್ ಮಾಡಿ. ಚಕ್ರಕ್ಕೆ ಕಲ್ಲು ಅಥವಾ ಕಟ್ಟೆ ಕೊಡಿ.

ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆ ಇದ್ದರೆ ಅದೇ ಗ್ರೇಡ್‌ನದು ಹಾಕಿ ಸ್ಟಾರ್ಟ್ ಮಾಡಿ. ಕೆಲವೇ ಸೆಕೆಂಡುಗಳಲ್ಲಿ ದೀಪ ಆರದಿದ್ದರೆ ಕೂಡಲೇ ಆಫ್ ಮಾಡಿ. ಆಯಿಲ್ ಸರಿಯಾಗಿದ್ದೂ ದೀಪ ಹೊತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್ ಕರೆಸಿ ಅಥವಾ ಎಳೆಸಿಕೊಂಡು ಹೋಗಿ.

ಇದರ ಜೊತೆಗೇ ಓಡಾಡುವ ಇತರ ನಂಬಿಕೆಗಳು

‘ಸೀಮೆಎಣ್ಣೆ ಹಾಕಿ ಓಡಿಸಿದರೆ ಎಂಜಿನ್ ಒಳಗೆ ಕ್ಲೀನ್ ಆಗುತ್ತದೆ.’ ಸೀಮೆಎಣ್ಣೆ ಆಯಿಲ್ ಅನ್ನು ತೆಳ್ಳಗೆ ಮಾಡುತ್ತದೆ. ಬೇರಿಂಗ್‌ನ ಆಯಿಲ್ ಪದರ ಒಡೆಯುತ್ತದೆ. ವರ್ಷಗಳಿಂದ ಕೂತ ಕೊಳೆ ಒಮ್ಮೆಲೇ ಎದ್ದು ಜಾಲರಿಗೆ ಅಂಟಿದರೆ ಇದ್ದ ಪ್ರೆಶರ್ ಕೂಡ ಹೋಗುತ್ತದೆ.

‘ಆಯಿಲ್ ಕಪ್ಪಾದರೆ ಕೆಟ್ಟಿದೆ ಎಂದರ್ಥ.’ ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಸಹ ಬೇಗನೆ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸವೇ. ಬದಲಿಸಬೇಕಾದದ್ದು ಓಡಿದ ಕಿಲೋಮೀಟರ್ ಮತ್ತು ಸಮಯ ನೋಡಿ, ಬಣ್ಣ ನೋಡಿ ಅಲ್ಲ.

‘ಟ್ಯಾಪೆಟ್ ಸದ್ದೇ ಬರದಂತೆ ಟೈಟ್ ಮಾಡಿಸಿ.’ ಇದು ಎಲ್ಲಕ್ಕಿಂತ ದುಬಾರಿ ಸಲಹೆ. ಬಿಸಿಯಾದಾಗ ಭಾಗಗಳು ಹಿಗ್ಗುತ್ತವೆ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬಿಸಿ ಗ್ಯಾಸ್ ನುಗ್ಗಿ ವಾಲ್ವ್ ಸುಡುತ್ತದೆ. ಇಂತಹ ಎಂಜಿನ್‌ನಲ್ಲಿ ಸಣ್ಣ ಟಿಕ್ ಸದ್ದು ಇರುವುದು ಸಹಜ.

‘ವಾಯ್ಸ್ ಮೆಸೇಜ್ ಕಳಿಸಿ, ಏನಾಗಿದೆ ಹೇಳ್ತೀವಿ.’ ವಾಯ್ಸ್ ಮೆಸೇಜ್ ಮಾತು ಕೇಳಿಸಲು ಮಾಡಿದ್ದು. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಬೇರಿಂಗ್‌ನ ಭಾರವಾದ ಬಡಿತ ಸರಿಯಾಗಿ ಕೇಳಿಸುವುದೇ ಇಲ್ಲ. ಅಪಾಯದ ಸದ್ದು ಅಳಿಸಿಹೋಗಿ ತೆಳು ಟಿಕ್ ಮಾತ್ರ ಉಳಿಯಬಹುದು. ಮೆಕ್ಯಾನಿಕ್‌ಗೆ ಕಳಿಸಲೇಬೇಕಿದ್ದರೆ ವಿಡಿಯೊ ಮಾಡಿ: ತಣ್ಣಗಿದ್ದಾಗ ಸ್ಟಾರ್ಟ್ ಮಾಡುವುದು, ಬಿಸಿಯಾದ ಮೇಲಿನ ಐಡ್ಲಿಂಗ್, ಆಕ್ಸಿಲರೇಟರ್ ಕೊಟ್ಟಾಗಿನ ಸದ್ದು, ಪ್ರತಿಯೊಂದರಲ್ಲೂ ಪ್ರೆಶರ್ ಮುಳ್ಳು ಕಾಣುವಂತಿರಲಿ. ಅದೂ ಸುಳಿವು ಮಾತ್ರ, ತೀರ್ಪಲ್ಲ.

ಹಳೆಯ ಲಾರಿ ಕೊಳ್ಳುವವರು ಗಮನಿಸಿ

ದಪ್ಪ ಆಯಿಲ್‌ನಿಂದ ಸದ್ದು ಮುಚ್ಚಬಹುದು ಎಂಬುದು ಮಾರುವವರಿಗೂ ಗೊತ್ತು. ಗಾಡಿ ನೋಡಲು ಹೋದಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು ಎಂದು ಮೊದಲೇ ಹೇಳಿ. ಸ್ಟಾರ್ಟ್ ಮಾಡಿದಾಗಿನ ಸದ್ದು ಕೇಳಿ. ಆಮೇಲೆ ಅರ್ಧ ಗಂಟೆಯಾದರೂ ಓಡಿಸಿ, ಬಿಸಿ ಐಡ್ಲಿಂಗ್‌ನಲ್ಲಿ ಮುಳ್ಳು ಎಲ್ಲಿದೆ ನೋಡಿ. ಕೀ ಆನ್ ಮಾಡಿದಾಗ ಕೆಂಪು ದೀಪ ಹೊತ್ತಬೇಕು, ಸ್ಟಾರ್ಟ್ ಆದ ಕೂಡಲೇ ಆರಬೇಕು. ಹೊತ್ತದೇ ಇದ್ದರೆ ಬಲ್ಬ್ ಹೋಗಿರಬಹುದು, ವೈರ್ ತೆಗೆದಿರಲೂಬಹುದು. ಅನುಮಾನವಿದ್ದರೆ ಮೆಕ್ಯಾನಿಕಲ್ ಗೇಜ್ ಹಾಕಿಸಿ ನೋಡಿದ ಮೇಲೆಯೇ ಅಡ್ವಾನ್ಸ್ ಕೊಡಿ.

ಮಾವನ ಗಾಡಿಗೆ ಏನಾಗಿತ್ತು?

ತಂದಿಟ್ಟ ದಪ್ಪ ಆಯಿಲ್ ಹಾಕುವ ಮೊದಲು ಪ್ರೆಶರ್ ಅಳೆಸಿ ಎಂದು ನಾವು ಹೇಳಿದೆವು. “ಅಷ್ಟಕ್ಕೆ ಒಂದು ದಿನದ ಬಾಡಿಗೆ ಬಿಡಬೇಕಲ್ಲಮ್ಮ” ಎಂದು ಗೊಣಗಿದರೂ ಹೋದರು. ಮೆಕ್ಯಾನಿಕಲ್ ಗೇಜ್‌ನಲ್ಲಿ ಬಿಸಿ ಐಡ್ಲಿಂಗ್‌ನಲ್ಲಿ 1 ಬಾರ್‌ಗಿಂತ ಸ್ವಲ್ಪ ಹೆಚ್ಚು, ಆಕ್ಸಿಲರೇಟರ್ ಕೊಟ್ಟಾಗ 3 ಬಾರ್ ದಾಟಿತು. ಮುಳ್ಳು ಬೀಳುತ್ತಿದ್ದದ್ದು ಸೆಂಡರ್ ಕೆಟ್ಟಿದ್ದರಿಂದ. ಸದ್ದು ಬರುತ್ತಿದ್ದದ್ದು ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ಟ್ಯಾಪೆಟ್‌ನ ಲಾಕ್ ನಟ್ ಸಡಿಲವಾಗಿದ್ದರಿಂದ. ಎರಡೂ ಬೇರೆ ಬೇರೆ ತೊಂದರೆ, ಒಂದೇ ಸಮಯಕ್ಕೆ ಬಂದು ಹೆದರಿಸಿದ್ದವು. ಸಂಜೆಯೊಳಗೆ ಎರಡೂ ಸರಿಯಾದವು.

ಎಲ್ಲರ ಗಾಡಿಗೂ ಹೀಗೇ ಇರುತ್ತದೆ ಎಂದಲ್ಲ. ಇದೇ ಲಕ್ಷಣ ಇರುವ ಇನ್ನೊಂದು ಗಾಡಿಯಲ್ಲಿ ಬೇರಿಂಗ್ ಸವೆದಿರಬಹುದು. ಹೊರಗಿನಿಂದ ಕೇಳಿದರೆ ಎರಡರ ವ್ಯತ್ಯಾಸ ತಿಳಿಯದೇ ಹೋಗಬಹುದು. ತಿಳಿಸುವುದು ಅಳತೆ ಮಾತ್ರ.

ಆ ಸಂದೇಶದ ಬದಲು ಇದನ್ನು ಶೇರ್ ಮಾಡಿ

“ಎಂಜಿನ್‌ನಲ್ಲಿ ಹೊಸ ಟಿಕ್ ಸದ್ದು ಬಂದರೆ: 1) ಡಿಪ್‌ಸ್ಟಿಕ್ ನೋಡಿ. 2) ದಪ್ಪ ಆಯಿಲ್, ಸೀಮೆಎಣ್ಣೆ ಸುರಿಯಬೇಡಿ. 3) ಬಿಸಿ ಎಂಜಿನ್‌ನಲ್ಲಿ ಮೆಕ್ಯಾನಿಕಲ್ ಗೇಜ್ ಹಾಕಿಸಿ ಪ್ರೆಶರ್ ಅಳೆಸಿ. 4) ಪ್ರೆಶರ್ ಸರಿ ಇದ್ದರೆ ಟ್ಯಾಪೆಟ್, ಎಕ್ಸಾಸ್ಟ್, ಇಂಜೆಕ್ಟರ್ ನೋಡಿಸಿ. 5) ಭಾರವಾದ ಬಡಿತ ಅಥವಾ ಕೆಂಪು ದೀಪ ಇದ್ದರೆ, ಮೊದಲು ಗಾಡಿಯನ್ನು ಸುರಕ್ಷಿತವಾಗಿ ನಿಲ್ಲಿಸಿ, ಆಮೇಲೆ ಎಂಜಿನ್ ಆಫ್ ಮಾಡಿ. ಸದ್ದು ಮುಚ್ಚಿದರೆ ರಿಪೇರಿ ಆದಂತಲ್ಲ.”